ಮನೆಮಂದಿ ಕೂಡಿ ಆಡುವ ಆಕಾಶಯುದ್ಧ
(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಮುನ್ನಾದಿನಗಳಲ್ಲಿ ಇಂಥ ವೇದಿಕೆಯ ಮೇಲೆ ನಿಂತವರು ಕದಂಬರಿಂದ ಆರಂಭಿಸಿ ಏಕೀಕರಣದವರೆಗೆ ಬಂದು, ಕಡೆಗೆ ಗಡಿಯಾರ ನೋಡಿಕೊಂಡು ಕುಳಿತುಕೊಳ್ಳುವುದು ವಾಡಿಕೆ. ಈ ಸಲ ಕಾರ್ಯಕಾರಿ ಸಮಿತಿಯವರು ನಮಗೆ ಒಪ್ಪಿಸಿದ ವಿಷಯ ಬೇರೆಯದು. ಆಕಾಶದಲ್ಲಿ ನೌಕೆಗಳು ಹಾರಾಡುತ್ತ ಒಂದರ ಮೇಲೊಂದು ಗುಂಡು ಹಾರಿಸುವ, ಹಳೆಯ ಕಾಲದ ಧಾಟಿಯ, ಮನೆಯವರೆಲ್ಲ ಕೂಡಿ ಆಡಬಹುದಾದ ವಿಡಿಯೊ ಆಟದ ವಿಷಯ. ಕಾರ್ಯಕ್ರಮ ಪತ್ರಿಕೆಯಲ್ಲಿ ಇದನ್ನು ಓದಿ ಕೆಲವು ಹಿರಿಯರು ನಕ್ಕರೆಂದು ಕೇಳಿದೆವು. ನಗಲಿ, ನಗುತ್ತಲೇ ಕೇಳಬೇಕಾದ ವಿಷಯವಿದು.

ಆಟಕ್ಕೂ ನಮ್ಮ ಸಂಘಕ್ಕೂ ಏನು ಸಂಬಂಧ ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ನಾವು ಆಗಾಗ ಹಲುಬುತ್ತೇವೆ. ಅದು ಪೂರ್ತಿ ನಿಜವಲ್ಲ. ಬರುತ್ತದೆ, ಆದರೆ ಎಂಥ ಕನ್ನಡ? "ಊಟ ಆಯಿತೆ?" ಎಂದರೆ "ಆಯಿತು" ಎನ್ನುವ ಕನ್ನಡ. ಕೇಳಿದ್ದಕ್ಕೆ ಉತ್ತರ ಹೇಳುವ ಕನ್ನಡ. ತಾವಾಗಿಯೇ ಬಾಯಿ ತೆರೆದು ಕೂಗುವ, ಜಗಳವಾಡುವ, ಗೆದ್ದು ಕುಣಿಯುವ, ಸೋತು ಹಟಮಾಡುವ ಕನ್ನಡ ಅವರಲ್ಲಿಲ್ಲ. ಈ ಮುಂಬಯಿಯಲ್ಲಿ ಕಟ್ಟಡದ ಅಂಗಳಕ್ಕೆ ಇಳಿದೊಡನೆ ಅವರ ಆಟವೆಲ್ಲ ಹಿಂದಿಯಲ್ಲಿ, ಮರಾಠಿಯಲ್ಲಿ. ಅದು ಸಹಜ, ಅದಕ್ಕೆ ಬೇಸರಪಡುವಂತಿಲ್ಲ. ಮನೆಯೊಳಗೆ ಬಂದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು. ಕಿವಿಯಲ್ಲಿ ಗುಬುಟು. ಅಲ್ಲಿ ಆಟವಾಡುವಾಗ ಮಾತನಾಡುವುದು ಯಾವುದೋ ಊರಿನ ಯಾರೋ ಅಪರಿಚಿತನೊಡನೆ, ಅವನ ಭಾಷೆಯಲ್ಲಿ. ಪಕ್ಕದಲ್ಲಿಯೇ ಕುಳಿತಿರುವ ಅಜ್ಜಿಯೊಡನೆ ಆಡಲು ಆಟವೇ ಇಲ್ಲ. ಹೀಗಾಗಿ ಆಟದ ಕನ್ನಡಕ್ಕೆ ಅಂಗಳದಲ್ಲಿಯೂ ಸ್ಥಳವಿಲ್ಲ, ಮನೆಯಲ್ಲಿಯೂ ಸ್ಥಳವಿಲ್ಲ. ಆಟದಿಂದ ಹೊರಬಿದ್ದ ಮಾತು ಮಕ್ಕಳ ನಾಲಗೆಯ ಮೇಲೆ ಎಷ್ಟು ದಿನ ನಿಂತೀತು?

ಈ ಪ್ರಶ್ನೆಯನ್ನು ಇಟ್ಟುಕೊಂಡು ಹುಡುಕುತ್ತ ಹೋದಾಗ, ವಿಡಿಯೊ ಆಟಗಳ ಮೂಲಪುರುಷನೆನ್ನಬಹುದಾದ ಒಂದು ಆಟವೇ ಕೂಡಿ ಆಡುವ ಆಟವಾಗಿತ್ತೆಂಬುದು ನಮ್ಮ ಕಣ್ಣಿಗೆ ಬಿದ್ದಿತು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

೧೯೬೧ನೆಯ ಇಸವಿ. ನಮ್ಮ ನಾಡು ಒಂದಾಗಿ ಐದು ವರ್ಷ ಆಗಿತ್ತು. ಹೆಸರು ಇನ್ನೂ ಮೈಸೂರು ರಾಜ್ಯವೇ. ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ಕಟ್ಟಿದ ಟಿಫ್ರ್ಯಾಕ್ ಎಂಬ ಗಣಕಯಂತ್ರವನ್ನು ಅದಕ್ಕೆ ಒಂದು ವರ್ಷ ಮೊದಲು ನಡೆಸತೊಡಗಿದ್ದರು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಗೆ ಆ ವರ್ಷ ಪಿ.ಡಿ.ಪಿ.-೧ ಎಂಬ ಹೊಸ ಗಣಕ ಬಂದಿತು. ಅದರ ಬೆಲೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರು. ಅದಕ್ಕೆ ದುಂಡಗಿನ ಒಂದು ಪರದೆಯಿತ್ತು. ಸ್ಟೀವ್ ರಸೆಲ್, ಮಾರ್ಟಿನ್ ಗ್ರೆಟ್ಜ್, ವೇಯ್ನ್ ವಿಟಾನೆನ್ ಎಂಬ ಮೂವರು ತರುಣರು, ಆಕಾಶಯಾನದ ಅಗ್ಗದ ಕಾದಂಬರಿಗಳನ್ನು ಓದಿ ತಲೆಕೆಡಿಸಿಕೊಂಡಿದ್ದವರು, ಈ ಪರದೆಯ ಮೇಲೆ ಏನು ಮಾಡಿ ತೋರಿಸಿದರೆ ಜನ ಬೆರಗಾದಾರು ಎಂದು ಯೋಚಿಸಿದರು. ಎರಡು ನೌಕೆಗಳ ಕಾಳಗ ಎಂದು ನಿಶ್ಚಯವಾಯಿತು. ಬರೆಯುವ ಹೊಣೆ ರಸೆಲ್ಲರದು. ಅವರು ದಿನ ದೂಡುತ್ತ ಬಂದರು. ಕೋನಗಳ ಲೆಕ್ಕಕ್ಕೆ ಬೇಕಾದ ಸೈನ್-ಕೊಸೈನ್ ಗಣಿತದ ತುಣುಕು ತಮ್ಮ ಬಳಿ ಇಲ್ಲವೆಂದು ನೆಪ ಹೇಳಿದರು. ಅಲನ್ ಕೋಟೊಕ್ ಎಂಬ ಗೆಳೆಯರು ಅದನ್ನು ಯಂತ್ರ ತಯಾರಿಸಿದ ಕಂಪನಿಯಿಂದಲೇ ತಂದು ಅವರ ಮುಂದಿಟ್ಟರು. ನೆಪ ತೀರಿತು, ಕೆಲಸ ಆರಂಭವಾಯಿತು. ೧೯೬೨ರ ಮೊದಲ ತಿಂಗಳುಗಳಲ್ಲಿ ಆಟ ಸಿದ್ಧವಾಯಿತು. ಹೆಸರು 'ಸ್ಪೇಸ್‌ವಾರ್', ಅಂದರೆ ಆಕಾಶಯುದ್ಧ.

ಆಟದ ರೀತಿ ಇದು. ಪರದೆಯ ಮೇಲೆ ಎರಡು ನೌಕೆಗಳು. ಒಂದು ಸೂಜಿಯಂತೆ ಸಪೂರ, ಇನ್ನೊಂದು ಬೆಣೆಯಂತೆ ದಪ್ಪ. ಒಂದೊಂದಕ್ಕೆ ಒಬ್ಬೊಬ್ಬ ಆಟಗಾರ. ನೌಕೆಯನ್ನು ಎಡಕ್ಕೆ ತಿರುಗಿಸಬಹುದು, ಬಲಕ್ಕೆ ತಿರುಗಿಸಬಹುದು, ಹಿಂದಿನಿಂದ ಬೆಂಕಿಯುಗುಳಿ ಮುಂದೆ ನುಗ್ಗಿಸಬಹುದು, ಟಾರ್ಪೆಡೊ ಹಾರಿಸಬಹುದು. ಇಂಧನಕ್ಕೂ ಮಿತಿ, ಟಾರ್ಪೆಡೊಗಳಿಗೂ ಮಿತಿ. ಆಕಾಶದಲ್ಲಿ ಗಾಳಿಯ ತಡೆಯಿಲ್ಲವಷ್ಟೆ? ಒಮ್ಮೆ ನುಗ್ಗಿದ ನೌಕೆ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಮೂತಿ ತಿರುಗಿಸಿ ಎದುರುದಿಕ್ಕಿಗೆ ಬೆಂಕಿ ಹಾಕಬೇಕು. ಡ್ಯಾನ್ ಎಡ್ವರ್ಡ್ಸ್ ಎಂಬವರು ನಡುವೆ ಒಂದು ನಕ್ಷತ್ರವನ್ನಿಟ್ಟು ಅದಕ್ಕೆ ಗುರುತ್ವಾಕರ್ಷಣೆಯನ್ನು ಕೊಟ್ಟರು. ಸುಮ್ಮನೆ ಕುಳಿತವನ ನೌಕೆಯನ್ನು ನಕ್ಷತ್ರ ಎಳೆದು ನುಂಗುತ್ತದೆ. ಜಾಣನಾದವನು ಅದರ ಬಳಿಯಿಂದಲೇ ಬಳಸಿ, ಅದರ ಸೆಳೆತವನ್ನೇ ವೇಗವಾಗಿ ಮಾಡಿಕೊಂಡು, ಎದುರಾಳಿಯ ಬೆನ್ನಿಗೆ ಬರುತ್ತಾನೆ. ತೀರ ಇಕ್ಕಟ್ಟಾದರೆ ಮಾಯವಾಗಿ ಬೇರೆಲ್ಲೋ ಪ್ರತ್ಯಕ್ಷವಾಗುವ ಉಪಾಯವೂ ಉಂಟು. ಇದು ಗ್ರೆಟ್ಜ್ ಅವರ ಕಲ್ಪನೆ. ಆದರೆ ಪ್ರತ್ಯಕ್ಷವಾಗುವಾಗ ಸಿಡಿದುಹೋಗುವ ಅಪಾಯವೂ ಇದೆ. ಒಂದು ವಿನೋದ: ಟಾರ್ಪೆಡೊಗಳಿಗೆ ಮಾತ್ರ ಗುರುತ್ವಾಕರ್ಷಣೆ ತಗಲುವುದಿಲ್ಲ. ಅಷ್ಟೆಲ್ಲ ಲೆಕ್ಕ ಹಾಕಲು ಆ ಲಕ್ಷ ಡಾಲರಿನ ಯಂತ್ರಕ್ಕೆ ಪುರಸತ್ತು ಸಾಲದು!

ಹಿನ್ನೆಲೆಯ ನಕ್ಷತ್ರಗಳ ಸಂಗತಿ ನಮಗೆ ಬಹಳ ಮೆಚ್ಚಾಯಿತು. ಮೊದಲಿಗೆ ಸುಮ್ಮನೆ ಚುಕ್ಕಿಗಳನ್ನು ಚೆಲ್ಲಿದ್ದರು. ಪೀಟರ್ ಸ್ಯಾಮ್ಸನ್ ಎಂಬವರಿಗೆ ಇದು ಸರಿಬೀಳಲಿಲ್ಲ. ಅವರು ನಕ್ಷತ್ರಪಟವನ್ನು ನೋಡಿ, ಖಗೋಳದ ನಡುಪಟ್ಟಿಯ ನಿಜವಾದ ನಕ್ಷತ್ರಗಳನ್ನೇ, ಅವುಗಳ ಹೊಳಪಿನ ಹೆಚ್ಚುಕಡಮೆಯೊಡನೆ, ಪರದೆಗೆ ತಂದರು. ನಮ್ಮ ರೋಹಿಣಿ, ಆರ್ದ್ರೆ ಇರುವುದು ಆ ಪಟ್ಟಿಯಲ್ಲಿಯೇ. ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಬಿತ್ತನೆಯ ಲೆಕ್ಕ ಹಾಕಿದ ಮನೆತನದಿಂದ ಬಂದ ಅಜ್ಜಿಗೆ ಈ ಪರದೆಯ ಮುಂದೆ ಹೇಳುವುದಕ್ಕೆ ಏನೂ ಇಲ್ಲವೆಂದು ಯಾರು ಹೇಳುವವರು?

ಇನ್ನು ಮುಖ್ಯವಾದ ಮಾತು. ಈ ಆಟದಲ್ಲಿ ಎದುರಾಳಿಯಾಗಿ ಯಂತ್ರ ಆಡುತ್ತಿರಲಿಲ್ಲ. ಇಬ್ಬರು ಮನುಷ್ಯರಿಲ್ಲದೆ ಆಟವೇ ಇಲ್ಲ. ಮೊದಮೊದಲು ಯಂತ್ರದ ಮೈಮೇಲಿನ ಗುಂಡಿಗಳನ್ನೇ ಒತ್ತಿ ಆಡುತ್ತಿದ್ದರು. ಮೊಣಕೈ ನೋಯುತ್ತಿತ್ತು, ಒಬ್ಬನಿಗೆ ಪರದೆ ಚೆನ್ನಾಗಿ ಕಂಡರೆ ಇನ್ನೊಬ್ಬನಿಗೆ ಓರೆಯಾಗಿ ಕಾಣುತ್ತಿತ್ತು. ಅದಕ್ಕಾಗಿ ಕೋಟೊಕ್ ಮತ್ತು ಬಾಬ್ ಸಾಂಡರ್ಸ್ ಕೈಯಲ್ಲಿ ಹಿಡಿಯುವ ಎರಡು ಪುಟ್ಟ ಪೆಟ್ಟಿಗೆಗಳನ್ನು ಮಾಡಿದರು. ಇಂದು ಮಕ್ಕಳ ಕೈಯಲ್ಲಿರುವ ಕಂಟ್ರೋಲರುಗಳ ಪೂರ್ವಜರು ಇವೇ. ಅವು ಹುಟ್ಟಿದುದು ಇಬ್ಬರು ಭುಜಕ್ಕೆ ಭುಜ ತಾಗಿಸಿ ಕುಳಿತು ನ್ಯಾಯವಾಗಿ ಆಡಲೆಂದು. ಆ ಆಟವನ್ನು ಅವರು ಮಾರಲಿಲ್ಲ, ಕೇಳಿದವರಿಗೆಲ್ಲ ಕೊಟ್ಟರು. ನಮ್ಮ ಪಗಡೆ, ಚೌಕಾಬಾರ, ಚೆನ್ನೆಮಣೆಗಳಿಗೂ ಒಡೆಯನೆಂಬವನಿಲ್ಲ. ಅವೂ ಒಬ್ಬನೇ ಆಡುವಂಥವಲ್ಲ. ಪಗಡೆಯ ಹಾಸಿನ ಸುತ್ತ ಆಡುವವರಿಗಿಂತ ಹೇಳಿಕೊಡುವವರೇ ಹೆಚ್ಚು. ಸ್ಪೇಸ್‌ವಾರ್ ಅದೇ ಜಾತಿಯ ಆಟವೆಂದು ನಮ್ಮ ಅಭಿಪ್ರಾಯ.

ಮುಂದೆ ಇದು ಪೇಟೆಗೆ ಇಳಿಯಿತು. ೧೯೭೧ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಭವನದಲ್ಲಿ ಬಿಲ್ ಪಿಟ್ಸ್, ಹ್ಯೂ ಟಕ್ ಎಂಬ ಗೆಳೆಯರು ಹತ್ತು ಸೆಂಟು ಹಾಕಿ ಆಡುವ 'ಗ್ಯಾಲಕ್ಸಿ ಗೇಮ್' ಇಟ್ಟರು. ಅದೇ ವರ್ಷ ನೋಲನ್ ಬುಶ್ನೆಲ್, ಟೆಡ್ ಡ್ಯಾಬ್ನಿ ಸೇರಿ 'ಕಂಪ್ಯೂಟರ್ ಸ್ಪೇಸ್' ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. ಅದರಲ್ಲಿ ಗಣಕವನ್ನೇ ತೆಗೆದುಹಾಕಿ, ಬಿಡಿ ವಿದ್ಯುನ್ಮಂಡಲಗಳಿಂದ ಕೆಲಸ ಸಾಗಿಸಿ ಬೆಲೆ ಇಳಿಸಿದರು. ಗಣಕದ ಜತೆಗೆ ಎರಡನೆಯ ಆಟಗಾರನೂ ಹೋದ. ನಾಣ್ಯ ಹಾಕಿದ ಒಬ್ಬನೇ ಯಂತ್ರದ ಹಾರುವ ತಟ್ಟೆಗಳೊಡನೆ ಹೋರಾಡಬೇಕು. ಇಬ್ಬರ ಯಂತ್ರ ಬಂದುದು ಆಮೇಲೆ, ೧೯೭೩ರಲ್ಲಿ.

೧೯೭೮ರ 'ಸ್ಪೇಸ್ ಇನ್ವೇಡರ್ಸ್' ಹೆಸರನ್ನು ಇಲ್ಲಿರುವ ನಡುವಯಸ್ಸಿನವರು ಬಲ್ಲರು. ಜಪಾನಿನ ತೈತೊ ಕಂಪನಿಯ ತೊಮೊಹಿರೊ ನಿಶಿಕಾಡೊ ಅವರು ಒಬ್ಬರೇ ಕುಳಿತು ರಚಿಸಿದ್ದು. ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು ೫೫ ಪರಲೋಕದ ಜೀವಿಗಳು ಮೆಲ್ಲಮೆಲ್ಲನೆ ಕೆಳಗಿಳಿದು ಬರುತ್ತವೆ. ಹೊಡೆದಷ್ಟೂ ಉಳಿದವುಗಳ ವೇಗ ಹೆಚ್ಚುತ್ತದೆ. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಅಷ್ಟೊಂದು ಚಿತ್ರಗಳನ್ನು ಬಿಡಿಸಲು ಆ ಕಾಲದ ಯಂತ್ರಕ್ಕೆ ಹೊತ್ತು ಹಿಡಿಯುತ್ತಿತ್ತು. ಚಿತ್ರಗಳು ಕಡಮೆಯಾದಂತೆ ಅದರ ಕೈ ಚುರುಕಾಗುತ್ತಿತ್ತು. ಆ ಬಡತನವೇ ಆಟಕ್ಕೆ ರೋಮಾಂಚನವಾಯಿತು. ಇಂದಿನ ಯಂತ್ರಗಳಿಗೆ ಇಂಥ ಬಡತನವಿಲ್ಲ. ಆದರೂ ಹಳೆಯ ಧಾಟಿಯ ಹೊಸ ಆಟಗಳನ್ನು ಕಟ್ಟುವವರು ಅದೇ ದಪ್ಪ ಚುಕ್ಕಿಗಳನ್ನು, ಅದೇ ನಾಲ್ಕೈದು ಬಣ್ಣಗಳನ್ನು, ಅದೇ ಟಕಟಕ ಸದ್ದನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ನಾಲ್ಕು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜನಿಗೂ ಪರದೆಯ ಮೇಲೆ ಯಾವುದು ತನ್ನ ನೌಕೆ, ಯಾವುದು ಹಗೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಹೊಸ ಆಟಗಳಲ್ಲಿ ಕೆಲವು ಸಿನಿಮಾದಷ್ಟು ಸೊಗಸಾಗಿವೆ. ಆದರೆ ಹತ್ತು ಗುಂಡಿಗಳ ಕೆಲಸ ಕಲಿಯುವಷ್ಟರಲ್ಲಿ ಅಜ್ಜನಿಗೆ ನಿದ್ದೆ ಬಂದಿರುತ್ತದೆ.

ಸ್ಪೇಸ್ ಇನ್ವೇಡರ್ಸ್‌ನಲ್ಲಿ ಇಬ್ಬರು ಸರದಿಯ ಮೇಲೆ ಆಡಬೇಕಿತ್ತು. ೧೯೮೦ರಲ್ಲಿ ಅಟಾರಿ ಕಂಪನಿಯವರು ಮನೆಯ ಟೆಲಿವಿಷನ್ನಿಗೆ ಇದನ್ನು ತಂದಾಗ ೧೧೨ ಬಗೆಯಲ್ಲಿ ಆಡುವ ಅನುಕೂಲವಿಟ್ಟರು. ಅವುಗಳಲ್ಲಿ ಒಂದು ಬಗೆಯನ್ನು ನಾವು ಇಂದಿಗೂ ಮರೆಯಲಾರೆವು: ಫಿರಂಗಿ ಒಂದೇ, ಆಟಗಾರರು ಇಬ್ಬರು. ಒಬ್ಬನಿಂದ ಅದು ಎಡಕ್ಕೆ ಮಾತ್ರ ಹೋಗುತ್ತದೆ, ಇನ್ನೊಬ್ಬನಿಂದ ಬಲಕ್ಕೆ ಮಾತ್ರ. ಬಾಯಿಬಿಟ್ಟು ಹೇಳದೆ ಅರೆಗಳಿಗೆಯೂ ಆಡಲಾಗದು. ೧೯೮೨ರ 'ಸ್ಪೇಸ್ ಡ್ಯುಯಲ್' ಎಂಬ ಆಟದಲ್ಲಿ ಎರಡು ನೌಕೆಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಬಿಡುವ ಬಗೆಯಿತ್ತು. ಒಬ್ಬನು ನುಗ್ಗಿದರೆ ಇನ್ನೊಬ್ಬನೂ ಎಳೆದುಕೊಂಡು ಹೋಗುತ್ತಾನೆ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಗಳಿಗೆ ಈ ಆಟಗಳು ಬಂದುದು ಬಹುಮಟ್ಟಿಗೆ ೧೯೯೦ರ ದಶಕದಲ್ಲಿ. ಜಪಾನಿನ ಯಂತ್ರದ ನಕಲುಗಳ ರೂಪದಲ್ಲಿ. ಲ್ಯಾಮಿಂಗ್ಟನ್ ರಸ್ತೆಯಿಂದ ತಂದು ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ಟು ಕೂರದಿದ್ದರೆ ತೆಗೆದು ಊದಿ ಮತ್ತೆ ಹಾಕುತ್ತಿದ್ದುದು ಅನೇಕರಿಗೆ ನೆನಪಿರಬೇಕು. ಕ್ಯಾಸೆಟ್ಟಿನ ಮೇಲೆ ಒಂದು ಲಕ್ಷ ಆಟಗಳೆಂದು ಬರೆದಿರುತ್ತಿತ್ತು. ಒಳಗೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು! ಆದರೂ ಒಂದು ಟಿವಿ, ಎರಡು ಹಿಡಿಗಳು, ಚಾಪೆಯ ಮೇಲೆ ಆರು ಮಂದಿ. ಮೊಬೈಲು ಬಂದ ಮೇಲೆ ಆ ಚಾಪೆ ಮಡಿಚಿಹೋಯಿತು.

ಈಗ ನಮ್ಮ ಸಂಘದಲ್ಲಿ ಕಳೆದ ಮಳೆಗಾಲದ ಮೂರು ಭಾನುವಾರ ನಡೆದ ಸಂಗತಿಯನ್ನು ಅರಿಕೆ ಮಾಡಿಕೊಳ್ಳುತ್ತೇವೆ. ವಾಚನಾಲಯದ ಟಿವಿಗೆ ಒಂದು ಹಳೆಯ ಲ್ಯಾಪ್‌ಟಾಪನ್ನು ಜೋಡಿಸಿ, ನಾಲ್ಕು ಕಂಟ್ರೋಲರುಗಳನ್ನಿಟ್ಟು, ಒಂದು ಆಟ ಹಾಕಿದೆವು. ಕೆನಡಾದ ಟೊರಾಂಟೊದವರು ೨೦೧೫ರಲ್ಲಿ ಹೊರತಂದ 'ಲವರ್ಸ್ ಇನ್ ಎ ಡೇಂಜರಸ್ ಸ್ಪೇಸ್‌ಟೈಮ್'. ಹೆಸರು ಕೇಳಿ ಹಿರಿಯರು ಗಾಬರಿಯಾಗಬಾರದು. ಒಳಗೆ ಅಂಥದೇನೂ ಇಲ್ಲ. ಉಂಡೆಯಂಥ ಒಂದು ದೊಡ್ಡ ನೌಕೆ, ಅದರೊಳಗೆ ಓಡಾಡುವ ಪುಟ್ಟ ಆಳುಗಳು. ಎಂಜಿನ್ನಿಗೆ ಒಂದು ಸ್ಥಾನ, ರಕ್ಷೆಗೆ ಒಂದು, ನಾಲ್ಕು ದಿಕ್ಕಿಗೆ ನಾಲ್ಕು ತುಪಾಕಿ, ನಕ್ಷೆಗೆ ಒಂದು. ಜನ ಕಡಮೆ, ಕೆಲಸ ಹೆಚ್ಚು. ಎಂಜಿನ್ ಬಿಟ್ಟು ತುಪಾಕಿಗೆ ಓಡಬೇಕು, ಅಷ್ಟರಲ್ಲಿ ರಕ್ಷೆ ಯಾರು ನೋಡಿಕೊಳ್ಳುತ್ತಾರೆಂದು ಕೂಗಬೇಕು. ಗುಜರಾತಿ ಮದುವೆಯ ಅಡುಗೆಯನ್ನು ಉಡುಪಿಯ ಮೂವರೇ ಭಟ್ಟರು ಒಪ್ಪಿಕೊಂಡಂತೆ!

ಮೊದಲ ಭಾನುವಾರ ದೊಡ್ಡ ಹುಡುಗರೇ ನಾಲ್ಕೂ ಹಿಡಿಗಳನ್ನು ಹಿಡಿದರು. ಕೂಗಾಟ ಜೋರಾಗಿತ್ತು, ಎಲ್ಲವೂ ಹಿಂದಿಯಲ್ಲಿ. ಕನ್ನಡದಲ್ಲಿಯೇ ಆಡಬೇಕೆಂದು ನಿಯಮ ಮಾಡೋಣವೆಂದು ಒಬ್ಬರು ಸೂಚಿಸಿದರು. ಇನ್ನೊಬ್ಬರು, ನಿಯಮ ಮಾಡಿದರೆ ಮಕ್ಕಳು ಬಾಯಿ ಮುಚ್ಚಿಕೊಂಡು ಆಡುತ್ತಾರೆ, ಇಲ್ಲವೆ ಮುಂದಿನ ವಾರ ಬರುವುದೇ ಇಲ್ಲ ಎಂದರು. ಎರಡನೆಯ ಭಾನುವಾರ ನಿಯಮವೇನೂ ಇರಲಿಲ್ಲ. ಆದರೆ ನಾಲ್ವರಲ್ಲಿ ಇಬ್ಬರು ಮಕ್ಕಳು, ಇಬ್ಬರು ಹಿರಿಯರು ಎಂದು ತಂಡ ಮಾಡಿದೆವು. ಧಾರವಾಡದ ಕಡೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿಗೆ ರಕ್ಷೆಯ ಹೊಣೆ ಬಂತು. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮೊಮ್ಮಗ "ದಾದೀ, ಪೀಛೆ! ಪೀಛೆ!" ಎಂದು ಕೂಗಿದ, ಅಜ್ಜಿ ಅವನ ಮುಖ ನೋಡಿದರು, ನೌಕೆ ಸಿಡಿಯಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಹುಡುಗನ ಬಾಯಿಂದ "ಅಜ್ಜೀ, ಹಿಂದ! ಹಿಂದ ತಿರಗಸು!" ಎಂದು ಬಂತು. ಅಜ್ಜಿ ತಿರುಗಿಸಿದರು. ಆಮೇಲೆ ಅವರದೇ ದರ್ಬಾರು: "ಏ ತಮ್ಮಾ, ಎಡಕ್ಕ ಬರಾಕತ್ತೈತಿ ನೋಡೋ, ಹೊಡಿ ಅದನ್ನ!" ಪಕ್ಕದಲ್ಲಿದ್ದ ಮಂಗಳೂರಿನ ಮಾಸ್ತರರು "ಅಲ್ಲ ಮಾರಾಯ, ಬಲಬದಿಯಲ್ಲಿ ಇನ್ನೊಂದು ಉಂಟು" ಎನ್ನುತ್ತಿದ್ದರು. ಆ ಹುಡುಗನಿಗೆ ಎಡ-ಬಲ, ಮೇಲೆ-ಕೆಳಗೆ, ತಡಿ, ಬಿಡು, ಬಗ್ಗು, ಓಡು ಎಂಬ ಮಾತುಗಳೆಲ್ಲ ಎರಡೆರಡು ಊರಿನ ಧಾಟಿಯಲ್ಲಿ ಒಂದೇ ಸಂಜೆ ಬೇಕಾಗಿ ಬಂದವು.

ಗಮನಿಸಬೇಕಾದುದು ಇದು: ಆಟಕ್ಕೆ ಭಾಷೆಯಿರಲಿಲ್ಲ. ಹಳೆಯ ಧಾಟಿಯ ಆಕಾಶಯುದ್ಧಗಳಲ್ಲಿ ಓದಬೇಕಾದ ಅಕ್ಷರಗಳೇ ಕಡಮೆ, ಕೇಳಬೇಕಾದ ಸಂಭಾಷಣೆಯಂತೂ ಇಲ್ಲವೆನ್ನುವಷ್ಟು. ಭಾಷೆಯನ್ನು ಕುಳಿತವರೇ ತರಬೇಕು. ಕುಳಿತವರಲ್ಲಿ ಕನ್ನಡ ಒಂದೇ ಬಲ್ಲವರು ಒಬ್ಬರಿದ್ದರೆ, ಅವರಿಲ್ಲದೆ ಆಟ ಸಾಗದೆಂದಿದ್ದರೆ, ಕೋಣೆಯ ಭಾಷೆ ಕನ್ನಡವಾಗುತ್ತದೆ. ನಾವು ಅಜ್ಜ-ಅಜ್ಜಿಯರಿಗೆ ಹಿಂದಿ ಬಾರದೆಂಬುದನ್ನು ಈ ಊರಿನಲ್ಲಿ ಕೊರತೆಯೆಂದೇ ಎಣಿಸಿದ್ದೆವು. ಮೂರನೆಯ ಭಾನುವಾರ ಮಕ್ಕಳು ಅವರನ್ನು ತಮ್ಮ ತಮ್ಮ ನೌಕೆಗೆ ಹಂಚಿಕೊಳ್ಳಲು ಜಗಳವಾಡಿದರು.

ಲೆಕ್ಕದ ಮಾತೂ ಉಂಟು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಇಪ್ಪತ್ತರ ಮೇಲಿನ ಕನ್ನಡ ಎಣಿಕೆ ಬಾರದು. ಸ್ಪೇಸ್ ಇನ್ವೇಡರ್ಸ್‌ನಲ್ಲಿ ಕೆಳಸಾಲಿನವಕ್ಕೆ ಹತ್ತು, ನಡುವಿನವಕ್ಕೆ ಇಪ್ಪತ್ತು, ಮೇಲಿನ ಸಾಲಿನವಕ್ಕೆ ಮೂವತ್ತು ಅಂಕ. ಒಬ್ಬ ಹಿರಿಯರು ಪಕ್ಕದಲ್ಲಿ ಕುಳಿತು ಪುಸ್ತಕದಲ್ಲಿ ಕನ್ನಡ ಅಂಕಿಯಲ್ಲಿ ಅಂಕ ಬರೆದುಕೊಳ್ಳುವ ಪದ್ಧತಿ ಇಟ್ಟರೆ, ತನ್ನ ಹೆಸರಿನ ಮುಂದೆ ಎಷ್ಟು ಬರೆದಿದ್ದಾರೆಂದು ಓದಿಕೊಳ್ಳಲು ಯಾವ ಹುಡುಗಿಯೂ ಎರಡನೆಯ ಸಲ ಹೇಳಿಸಿಕೊಳ್ಳುವುದಿಲ್ಲ.

ಆಕ್ಷೇಪಣೆಗಳಿವೆ. ಗುಂಡು ಹಾರಿಸುವುದನ್ನು ಮಕ್ಕಳಿಗೆ ಕಲಿಸಬೇಕೆ ಎಂದು ಒಬ್ಬ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ನಿಶಿಕಾಡೊ ಅವರ ಆಟದಲ್ಲಿ ಮನುಷ್ಯರ ಬದಲು ಏಡಿ, ಅಷ್ಟಪದಿಗಳಂಥ ಜೀವಿಗಳು ಬಂದುದೇ ಮನುಷ್ಯರನ್ನು ಹೊಡೆಯುವ ಆಟ ಬೇಡವೆಂಬ ಕಾರಣದಿಂದ. ಚುಕ್ಕಿಗಳ ಮೇಲೆ ಚುಕ್ಕಿಗಳನ್ನು ಹಾರಿಸುವುದಕ್ಕೂ, ನೆತ್ತರು ಚಿಮ್ಮುವಂತೆ ಮನುಷ್ಯಾಕೃತಿಯನ್ನು ಕೊಲ್ಲುವುದಕ್ಕೂ ವ್ಯತ್ಯಾಸವಿದೆಯೆಂದೇ ನಾವು ಎಣಿಸುತ್ತೇವೆ; ಎರಡನೆಯದನ್ನು ಸಂಘದ ಟಿವಿಯಲ್ಲಿ ಹಾಕುವುದಿಲ್ಲ. ಚಟ ಹತ್ತುವುದಿಲ್ಲವೆ ಎಂಬುದು ಇನ್ನೊಂದು. ಹಳೆಯ ಆಟಕ್ಕೆ ಕೊನೆಯಿತ್ತು. ಮೂರು ಪ್ರಾಣ, ಮುಗಿದರೆ ಎದ್ದು ಇನ್ನೊಬ್ಬರಿಗೆ ಜಾಗ ಬಿಡಬೇಕು. ಫೋನಿನ ಆಟಗಳಲ್ಲಿ ಅನೇಕಕ್ಕೆ ಕೊನೆಯೇ ಇಲ್ಲ. ನಾಳೆ ಬಾ, ಇಷ್ಟು ಕೊಡುತ್ತೇನೆ ಎಂದು ಕರೆಯುತ್ತಲೇ ಇರುತ್ತವೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲಂತೂ ೨೦೨೫ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತರಬೇಕಾಯಿತು. ಇವೆಲ್ಲವನ್ನೂ 'ವಿಡಿಯೊ ಆಟ' ಎಂಬ ಒಂದೇ ಹೆಸರಿನ ಚೀಲಕ್ಕೆ ತುಂಬಿ ಬಯ್ಯುವುದು ಸರಿಯಲ್ಲ.

ವಿದ್ಯೆಯಾಗುವುದಿಲ್ಲವೆನ್ನುವವರಿಗೆ ಒಂದೇ ಉದಾಹರಣೆ. ಸ್ಪೇಸ್‌ವಾರ್ ಆಡಿದ ಮಗುವಿಗೆ ನಕ್ಷತ್ರದ ಹತ್ತಿರ ಹೋದಾಗ ಬೆಂಕಿ ಹಾಕಿದರೆ ಹೆಚ್ಚು ದೂರ ಚಿಮ್ಮಬಹುದೆಂಬುದು ಕೈಗೇ ತಿಳಿದುಬಿಡುತ್ತದೆ. ೨೦೧೩ರ ನವೆಂಬರಿನಲ್ಲಿ ಮಂಗಳಯಾನವನ್ನು ಸಾಗಿಸಿದುದು ಇದೇ ತತ್ತ್ವದ ಮೇಲೆ: ನೌಕೆ ಭೂಮಿಗೆ ಅತಿ ಸಮೀಪ ಬಂದಾಗಲೆಲ್ಲ ಎಂಜಿನ್ ಉರಿಸಿ ಕಕ್ಷೆಯನ್ನು ಹಿಗ್ಗಿಸುತ್ತ, ಡಿಸೆಂಬರ್ ೧ರಂದು ಮಂಗಳದ ಹಾದಿಗೆ ಹಚ್ಚಿದರು. ಅದರ ಆಜ್ಞೆಗಳು ಹೋದುದು ಬೆಂಗಳೂರಿನ ಪೀಣ್ಯದಿಂದ. ಇದನ್ನು ಮಗುವಿಗೆ ಕನ್ನಡದಲ್ಲಿ ಹೇಳಲು ಒಂದು ಸಂದರ್ಭ ಬೇಕಿತ್ತು, ಸಿಕ್ಕಿತು.

ಮನೆಯಲ್ಲಿ ಮಾಡಬೇಕೆನ್ನುವವರಿಗೆ ಎರಡು ಮಾತು. ದೊಡ್ಡ ಖರ್ಚಿಲ್ಲ. ಟಿವಿಗೆ ಜೋಡಿಸುವ ತಂತಿ, ಎರಡು ಕಂಟ್ರೋಲರು, ಸಾಧಾರಣ ಲ್ಯಾಪ್‌ಟಾಪು ಸಾಕು. ಒಂದೇ ಕೀಲಿಮಣೆಯ ಮೇಲೆ ಇಬ್ಬರು ಆಡಬಹುದು. ಆದರೆ ಅಗ್ಗದ ಕೀಲಿಮಣೆಗಳು ಒಟ್ಟಿಗೆ ನಾಲ್ಕಾರು ಕೀಲಿ ಒತ್ತಿದರೆ ಕೆಲವನ್ನು ಗ್ರಹಿಸುವುದಿಲ್ಲ, ಆಗ ಅಣ್ಣತಂಗಿಯರಲ್ಲಿ ನಿಜವಾದ ಯುದ್ಧವೇ ಆದೀತು. ಆಟ ಕೊಳ್ಳುವ ಮೊದಲು ಅದು ಒಂದೇ ಪರದೆಯ ಮುಂದೆ ಹಲವರು ಕುಳಿತು ಆಡುವಂಥದೋ, ಬೇರೆಬೇರೆ ಮನೆಗಳಿಂದ ಅಂತರ್ಜಾಲದಲ್ಲಿ ಮಾತ್ರ ಕೂಡುವಂಥದೋ ಎಂದು ಕೇಳಿ ನೋಡಬೇಕು. ಎರಡನ್ನೂ ಅಂಗಡಿಯವರು ಒಂದೇ ಹೆಸರಿನಿಂದ ಮಾರುತ್ತಾರೆ.

ಸಮಿತಿಯವರಲ್ಲಿ ನಮ್ಮ ಬಿನ್ನಹ ಇಷ್ಟೆ. ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ವಾಚನಾಲಯವನ್ನು ಇನ್ನೊಂದು ಗಂಟೆ ತೆರೆದಿಡಬೇಕು. ಮಕ್ಕಳು ಮಾತ್ರ ಬಂದರೆ ಯಂತ್ರ ಹಚ್ಚುವುದು ಬೇಡ. ಮನೆಯ ಹಿರಿಯರೊಬ್ಬರನ್ನು ಕರೆತಂದ ತಂಡಕ್ಕೆ ಮೊದಲ ಸರದಿ. ಈ ವಾರ ನಾಲ್ಕನೆಯ ಕಂಟ್ರೋಲರು ಕೆಟ್ಟಿದೆ; ರಿಪೇರಿ ಬಲ್ಲ ಸದಸ್ಯರು ದಯವಿಟ್ಟು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬೇಕು.